ಕಡತದೊಡನೆ ಅದರ ಅನುಮತಿಯೂ ಸಾಗಲಿ
(ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರನ್ನು ಉದ್ದೇಶಿಸಿ ಮಾಡಿದ ಉಪನ್ಯಾಸದ ಪಠ್ಯ)



ಪಂಚಾಯತಿ ಕಚೇರಿಗೆ ಹೊಸ ಗಣಕಯಂತ್ರ ಬಂದಾಗ ಹಳೆಯದರಲ್ಲಿದ್ದ ಕಡತಗಳನ್ನು ಅದಕ್ಕೆ ವರ್ಗಾಯಿಸುತ್ತಾರೆ. ಕಡತಗಳೆಲ್ಲ ಬಂದವೇ ಎಂದು ನಾವು ಕೇಳುತ್ತೇವೆ. ಅವುಗಳನ್ನು ಯಾರು ಓದಬಹುದು, ಯಾರು ತಿದ್ದಬಹುದು, ಯಾರು ಅಳಿಸಬಹುದು ಎಂಬ ಏರ್ಪಾಡೂ ಬಂದಿತೇ ಎಂದು ಕೇಳುವುದಿಲ್ಲ. ಈ ಎರಡನೆಯ ಪ್ರಶ್ನೆಯೇ ಇಂದಿನ ನನ್ನ ವಿಷಯ.

ಇ-ಸ್ವತ್ತು, ಪಂಚತಂತ್ರ ಮೊದಲಾದ ತಂತ್ರಾಂಶಗಳ ದತ್ತಾಂಶವು ರಾಜ್ಯ ಮಟ್ಟದ ಸರ್ವರ್‌ನಲ್ಲಿರುತ್ತದೆ. ಅಲ್ಲಿನ ಅನುಮತಿ ನಮ್ಮ ಕೈಯಲ್ಲಿಲ್ಲ. ಆದರೆ ಸ್ಕ್ಯಾನ್ ಮಾಡಿದ ಹಳೆಯ ಮನೆ ಕಂದಾಯದ ವಹಿ, ಸಭಾ ನಡವಳಿ, ನೀರಿನ ಶುಲ್ಕದ ಬಾಕಿ ಪಟ್ಟಿ ಇವೆಲ್ಲ ಕಚೇರಿಯ ಗಣಕಯಂತ್ರದಲ್ಲಿಯೇ ಇರುತ್ತವೆ. ಅಣ್ಣತಮ್ಮಂದಿರು ಖಾತೆಯ ತಕರಾರು ತಂದಾಗ ನಾವು ತೆಗೆದು ನೋಡುವುದು ಇವುಗಳನ್ನೇ.

ನಾನು ಕಂಡ ಒಂದು ಪ್ರಸಂಗವನ್ನು ಹೇಳುತ್ತೇನೆ. ಊರಿನ ಹೆಸರು ಬೇಡ. ಅಲ್ಲಿ ಬಾಕಿ ಪಟ್ಟಿಯನ್ನು ಕಾರ್ಯದರ್ಶಿ ಮಾತ್ರ ತಿದ್ದಬಹುದಿತ್ತು, ಉಳಿದವರು ಓದಬಹುದಿತ್ತು. ಪೆನ್‌ಡ್ರೈವ್ ಮೂಲಕ ಕಡತವು ಹೊಸ ಯಂತ್ರಕ್ಕೆ ಬಂದ ಮೇಲೆ, ಕುರ್ಚಿಯಲ್ಲಿ ಕುಳಿತವರೆಲ್ಲರೂ ತಿದ್ದಬಹುದಾಯಿತು. ಯಾರೋ ಹೆಸರುಗಳ ಅಂಕಣವೊಂದನ್ನೇ ಅಕಾರಾದಿಯಾಗಿ ಜೋಡಿಸಿದರು. ಮೊತ್ತಗಳು ಇದ್ದಲ್ಲಿಯೇ ಉಳಿದವು. ಒಬ್ಬರ ಬಾಕಿ ಮತ್ತೊಬ್ಬರ ಹೆಸರಿಗೆ ಸೇರಿತು. ಕಂದಾಯ ಕಟ್ಟಿದ್ದ ವೃದ್ಧೆಯೊಬ್ಬರು ಬಾಕಿದಾರರಾದರು. ಟ್ರಂಕಿನಲ್ಲಿ ಜೋಪಾನವಾಗಿಟ್ಟಿದ್ದ ರಸೀದಿ ಅವರನ್ನು ಕಾಪಾಡಿತು. ರಸೀದಿ ಕಳೆದುಕೊಂಡವರ ಗತಿಯೇನು? ಇಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಕಡತ ಬಂದಿತ್ತು, ಅದರ ಕಾವಲು ಬಂದಿರಲಿಲ್ಲ.

ಹೀಗಾಗಲು ಕಾರಣವಿದೆ. ವಿಂಡೋಸ್ ಗಣಕಯಂತ್ರದ ಎನ್‌ಟಿಎಫ್‌ಎಸ್ ಮಾದರಿಯ ಡಿಸ್ಕಿನಲ್ಲಿ ಪ್ರತಿಯೊಂದು ಕಡತಕ್ಕೂ ಒಂದು ಅನುಮತಿ ಪಟ್ಟಿ ಅಂಟಿಕೊಂಡಿರುತ್ತದೆ. ಮೌಸ್ ಹಿಡಿದು ಸಾಮಾನ್ಯ ರೀತಿಯಲ್ಲಿ ಪ್ರತಿ ಮಾಡಿದಾಗ, ಹೊಸ ಪ್ರತಿಯು ತಾನು ಸೇರಿದ ಫೋಲ್ಡರಿನ ಅನುಮತಿಯನ್ನು ಪಡೆಯುತ್ತದೆಯೇ ಹೊರತು ಹಳೆಯದನ್ನು ತರುವುದಿಲ್ಲ. ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಫ್ಯಾಟ್-32 ಅಥವಾ ಎಕ್ಸ್‌ಫ್ಯಾಟ್ ಮಾದರಿಯವು; ಅವುಗಳಲ್ಲಿ ಈ ಪಟ್ಟಿಯನ್ನು ಇಡಲು ಸ್ಥಳವೇ ಇಲ್ಲ. ಮಧುಗಿರಿ ಕೋಟೆಗೆ ಒಂದಲ್ಲ, ಹಲವು ಬಾಗಿಲುಗಳಿವೆ. ಅಂಥ ಕೋಟೆಯೊಳಗಿನ ಭಂಡಾರವನ್ನು ಹೊತ್ತು ತಂದು ಬಯಲಿನಲ್ಲಿ ಇಟ್ಟಂತೆ ಇದು.

ಪರಿಹಾರವು ಕಮ್ಯಾಂಡ್ ಪ್ರಾಂಪ್ಟ್ ಎಂಬ ಕಿಟಕಿಯಲ್ಲಿದೆ. ಅದನ್ನು ಅಡ್ಮಿನಿಸ್ಟ್ರೇಟರ್ ಅಧಿಕಾರದಿಂದ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ಆಜ್ಞೆಯನ್ನು ಬೆರಳಚ್ಚಿಸಬೇಕು. ಮಾರ್ಗಗಳು ಎರಡು.

ಮೊದಲನೆಯದು ರೋಬೋಕಾಪಿ. ಹಳೆಯ ಸ್ಥಳ, ಹೊಸ ಸ್ಥಳಗಳನ್ನು ಬರೆದು 'ಸ್ಲ್ಯಾಷ್ ಇ' ಮತ್ತು 'ಸ್ಲ್ಯಾಷ್ ಕಾಪಿಆಲ್' ಎಂದು ಸೇರಿಸಿದರೆ, ಒಳ ಫೋಲ್ಡರುಗಳೂ ಕಡತಗಳೂ ಅವುಗಳ ಅನುಮತಿ ಹಾಗೂ ಒಡೆತನವೂ ಒಟ್ಟಿಗೆ ಸಾಗುತ್ತವೆ. ಎರಡೂ ಕಡೆಯ ಡಿಸ್ಕು ಎನ್‌ಟಿಎಫ್‌ಎಸ್ ಆಗಿರಬೇಕು.

ಎರಡನೆಯದು ಐಕ್ಯಾಕಲ್ಸ್. ಫೋಲ್ಡರಿನ ಹೆಸರು, ನಂತರ 'ಸ್ಲ್ಯಾಷ್ ಸೇವ್', ಒಂದು ಪಠ್ಯ ಕಡತದ ಹೆಸರು, 'ಸ್ಲ್ಯಾಷ್ ಟಿ' ಎಂದು ಬರೆದರೆ ಅನುಮತಿಗಳೆಲ್ಲ ಆ ಪಠ್ಯ ಕಡತದಲ್ಲಿ ದಾಖಲಾಗುತ್ತವೆ. ಹೊಸ ಯಂತ್ರದಲ್ಲಿ ಆ ಫೋಲ್ಡರ್ ಇರುವ ಮೇಲಿನ ಸ್ಥಳವನ್ನು ಹೆಸರಿಸಿ 'ಸ್ಲ್ಯಾಷ್ ರಿಸ್ಟೋರ್' ಎಂದರೆ ಅವು ಮರಳಿ ಬರುತ್ತವೆ. ಫೋಲ್ಡರುಗಳ ಹೆಸರು ಬದಲಾಗಿರಬಾರದು. ಕಚೇರಿಯಲ್ಲಿ ಲಿನಕ್ಸ್ ಇದ್ದರೆ ಗೆಟ್‌ಎಫ್‌ಎಸಿಎಲ್, ಸೆಟ್‌ಎಫ್‌ಎಸಿಎಲ್ ಎಂಬ ಆಜ್ಞೆಗಳು ಇದೇ ಕೆಲಸವನ್ನು ಮಾಡುತ್ತವೆ.

ಇಲ್ಲಿ ಮೂರು ಎಚ್ಚರಿಕೆಗಳು ಅಗತ್ಯ. ಒಂದು: ಐಕ್ಯಾಕಲ್ಸ್ ಹೀಗೆ ಉಳಿಸುವುದು ಅನುಮತಿಯನ್ನು, ಒಡೆತನವನ್ನಲ್ಲ. ಪಾವಗಡದ ತಿರುಮಣಿ ಸುತ್ತಲಿನ ಸುಮಾರು 13,000 ಎಕರೆ ಸೌರ ಪಾರ್ಕನ್ನು ನೆನೆಯಿರಿ. ಜಮೀನಿನ ಬಳಕೆ ಗುತ್ತಿಗೆಯ ಮೇಲೆ ಹೋಗಿದೆ, ಒಡೆತನ ರೈತರಲ್ಲಿ ಉಳಿದಿದೆ. ಕಡತದಲ್ಲಿಯೂ ಒಡೆತನ ಬೇರೆ, ಬಳಕೆಯ ಅನುಮತಿ ಬೇರೆ. ಒಡೆಯನಾದವನು ಅನುಮತಿಯನ್ನೇ ಬದಲಿಸಬಲ್ಲನಾದ್ದರಿಂದ ಒಡೆತನವನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು.

ಎರಡು: ಗಣಕಯಂತ್ರವು ಬಳಕೆದಾರನನ್ನು ಹೆಸರಿನಿಂದಲ್ಲ, ಒಂದು ಗುರುತಿನ ಸಂಖ್ಯೆಯಿಂದ ಅರಿಯುತ್ತದೆ. ಹಳೆಯ ಯಂತ್ರದ 'ಕಾರ್ಯದರ್ಶಿ' ಮತ್ತು ಹೊಸ ಯಂತ್ರದಲ್ಲಿ ಸೃಷ್ಟಿಸಿದ 'ಕಾರ್ಯದರ್ಶಿ' ಅದರ ದೃಷ್ಟಿಯಲ್ಲಿ ಇಬ್ಬರು. ಆದ್ದರಿಂದ ಅನುಮತಿಯನ್ನು ತಂದ ಮೇಲೂ ಬಾಗಿಲು ತೆರೆಯದಿರಬಹುದು. ರಿಸ್ಟೋರ್ ಮಾಡುವಾಗ 'ಸ್ಲ್ಯಾಷ್ ಸಬ್‌ಸ್ಟಿಟ್ಯೂಟ್' ಸೇರಿಸಿ ಹಳೆಯ ಸಂಖ್ಯೆಗೆ ಬದಲಾಗಿ ಹೊಸ ಸಂಖ್ಯೆಯನ್ನು ಕೊಡಬೇಕಾಗುತ್ತದೆ.

ಮೂರು: ಅನುಮತಿಯನ್ನು ನಕಲು ಮಾಡಿದಾಗ ಹಳೆಯ ತಪ್ಪುಗಳೂ ನಕಲಾಗುತ್ತವೆ. ವರ್ಗವಾದವರು, ನಿವೃತ್ತರಾದವರು, ಕೆಲಸ ಬಿಟ್ಟವರ ಹೆಸರುಗಳನ್ನು ಮೊದಲು ತೆಗೆಸಬೇಕು.

ಸದಸ್ಯರಾದ ತಾವು ಈ ಆಜ್ಞೆಗಳನ್ನು ಬೆರಳಚ್ಚಿಸಬೇಕಾಗಿಲ್ಲ. ಆದರೆ ಯಂತ್ರ ಬದಲಾದ ಮೊದಲ ಸಭೆಯಲ್ಲಿ ತಾವು ಕೇಳಬಹುದು: ಯಾವ ಫೋಲ್ಡರಿಗೆ ಯಾರಿಗೆ ಯಾವ ಅನುಮತಿ ಇತ್ತು? ಅದು ಹಾಗೆಯೇ ಬಂದಿದೆಯೇ? ವರ್ಗಾವಣೆಯನ್ನು ಮಾಡಿದವರು ಯಾರು, ಯಾವ ದಿನ? ಸಾಮಾನ್ಯ ಸಿಬ್ಬಂದಿಯ ಲಾಗಿನ್‌ನಲ್ಲಿ ಒಂದು ಪರೀಕ್ಷಾ ಕಡತವನ್ನು ತಿದ್ದಲು ಯತ್ನಿಸಿ ನೋಡಿದಿರಾ? ಉತ್ತರಗಳು ನಡವಳಿಯಲ್ಲಿ ದಾಖಲಾಗಲಿ. ಪಂಚಾಯತ್ ಅಭಿವೃದ್ಧಿ ಅಧಿಕಾರಿಗಳಿಗೆ ಇದು ಅವಿಶ್ವಾಸದ ಮಾತಲ್ಲ. ನಾಳೆ ಆಪಾದನೆ ಬಂದರೆ ಅವರಿಗೂ ಇದೇ ರಕ್ಷಣೆ.

ಮಾಹಿತಿ ಹಕ್ಕು ಅಧಿನಿಯಮ 2005 ದಾಖಲೆಗಳನ್ನು ಕ್ರಮಬದ್ಧವಾಗಿ ಇಡುವ ಹೊಣೆಯನ್ನು ಪಂಚಾಯತಿಯ ಮೇಲೂ ಹೊರಿಸಿದೆ. ನಮ್ಮ ದಾಖಲೆಯನ್ನು ಕೇಳಿ ಪಡೆಯುವ ಹಕ್ಕು ಊರಿನ ಪ್ರತಿಯೊಬ್ಬರಿಗೂ ಇದೆ. ತಿದ್ದುವ ಅಧಿಕಾರ ಮಾತ್ರ ಹೊಣೆ ಹೊತ್ತವರದು. ಈ ಗೆರೆ ಅಳಿಯದಂತೆ ನೋಡಿಕೊಳ್ಳುವುದು ಜನರು ತಮ್ಮನ್ನು ಆರಿಸಿ ಕಳುಹಿಸಿದ ಕೆಲಸಗಳಲ್ಲಿ ಒಂದು.