ಪ್ರೀತಿಯ ಹೆಸರಿನಲ್ಲಿ ನಡೆಯುವ ಹಿಂಸೆ: ಅದರಲ್ಲಿ ನಮ್ಮ ಪಾಲೆಷ್ಟು?

(ಮುಂಬ್ರಾದಲ್ಲಿ ಸೇರಿದ ಕನ್ನಡ ಕಾರ್ಮಿಕರ ಕೂಟದಲ್ಲಿ ಮಾಡಿದ ಭಾಷಣ)



ಪಗಾರ, ರಜೆ, ಬೋನಸ್ಸು, ಇವುಗಳ ಮೇಲೆ ಮಾತಾಡಿ ನಮಗೆ ರೂಢಿ. ಇಂದು ಕೊಟ್ಟ ವಿಷಯ ಬೇರೆ. ಪ್ರೀತಿಸಿ ಜೊತೆಗೆ ಓಡಾಡುವ ಹುಡುಗ ಹುಡುಗಿಯರ ನಡುವೆ ನಡೆಯುವ ಹೊಡೆತ, ಬೆದರಿಕೆ, ಬಲಾತ್ಕಾರಗಳನ್ನು ಕುರಿತು ನಾಲ್ಕು ಮಾತು ಹೇಳಬೇಕಾಗಿದೆ. "ಇದು ಸಂಘದ ಕೆಲಸವೇ?" ಎಂದು ಬಾಗಿಲಲ್ಲೇ ಒಬ್ಬರು ಹಿರಿಯರು ಕೇಳಿದರು. ಕೇಳಿದ್ದು ಸರಿಯೇ. ನಮ್ಮ ಮಾತು ಮುಗಿದ ಮೇಲೆ ಅವರೇ ತೀರ್ಮಾನಿಸಲಿ.

ಮೊದಲಿಗೇ ಒಂದು ಮಾತು. ಪ್ರೀತಿಸುವುದು ತಪ್ಪೆಂದು ಹೇಳಲು ನಾವು ಬಂದಿಲ್ಲ. ಹುಡುಗಿಯರನ್ನು ಕೆಲಸ ಬಿಡಿಸಿ ಮನೆಯಲ್ಲಿ ಕೂರಿಸಿರೆಂದು ಹೇಳಲೂ ಬಂದಿಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಎಷ್ಟೋ ಮನೆಗಳ ಒಲೆ ಹೊತ್ತಿದ್ದು ಹೆಣ್ಣುಮಕ್ಕಳ ದುಡಿಮೆಯಿಂದ. ಒಂದೇ ಲೋಕಲ್ ರೈಲಿನಲ್ಲಿ ಹೋಗಿ ಬರುವ, ಒಂದೇ ಬೀದಿಯಲ್ಲಿ ದುಡಿಯುವ ಪ್ರಾಯದವರ ಮನಸ್ಸು ಕೂಡುವುದು ಸಹಜ. ಕೂಡಿದ ಮನಸ್ಸು ಮುರಿಯುವುದೂ ಸಹಜ. ಮುರಿದಾಗ ಏನಾಗುತ್ತದೆ, ಆಗ ಸುತ್ತ ನಿಂತ ನಾವು ಏನು ಮಾಡುತ್ತೇವೆ ಎಂಬುದೇ ಇಂದಿನ ಪ್ರಶ್ನೆ.

ನಮ್ಮದೇ ಒಂದು ತಪ್ಪನ್ನು ಹೇಳಿಬಿಡುತ್ತೇವೆ. ಆಗ ನಮಗೆ ಹತ್ತೊಂಬತ್ತು. ಠಾಣೆ ಕಡೆಯ ಒಂದು ಹೋಟೆಲಿನಲ್ಲಿ ನಾಲ್ಕೈದು ಜನ ಊರ ಹುಡುಗರು ಸಪ್ಲೈಯರ್ ಆಗಿದ್ದೆವು. ನಮ್ಮಲ್ಲೊಬ್ಬ ಎದುರಿನ ಹೊಲಿಗೆ ಕಾರ್ಖಾನೆಯ ಹುಡುಗಿಯೊಡನೆ ಓಡಾಡುತ್ತಿದ್ದ. ಅವಳ ಮನೆ ಇದೇ ಮುಂಬ್ರಾದಲ್ಲಿ. ಒಂದು ದಿನ ಬೇರೊಬ್ಬನೊಡನೆ ನಕ್ಕು ಮಾತಾಡಿದಳೆಂದು ಕೆನ್ನೆಗೆ ಬಾರಿಸಿದ. ಅವಳು "ಇನ್ನು ನನ್ನ ಸುದ್ದಿಗೆ ಬರಬೇಡ" ಎಂದಳು. ಇವನಿಗೆ ಅವಮಾನವಾಯಿತು. "ಅವಳು ಎಷ್ಟು ಗಂಟೆಯ ಗಾಡಿಗೆ ಹೋಗುತ್ತಾಳೆ, ನೋಡಿ ಹೇಳ್ರೋ" ಎಂದು ನಮ್ಮನ್ನು ಕೇಳಿದ. ನಾವು ನೋಡಿ ಹೇಳಿದೆವು. ನಮಗದು ತಮಾಷೆ. ಮರುದಿನ ಅವನು ಪ್ಲಾಟ್‌ಫಾರಮ್ಮಿನಲ್ಲಿ ಕಾದು ನಿಂತು, ಕೈ ಹಿಡಿದೆಳೆದು, ತುಟಿ ಒಡೆಯುವಂತೆ ಹೊಡೆದ. ಅಷ್ಟು ಜನರಿದ್ದರು; ಯಾರೂ ಬಿಡಿಸಲಿಲ್ಲ. ಸುದ್ದಿ ಬಂದಾಗ ನಾವು ಆಡಿದ ಮಾತು: "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ." ಅವರು ಗಂಡ ಹೆಂಡಿರೂ ಆಗಿರಲಿಲ್ಲ! ಹುಡುಗಿ ಕೆಲಸ ಬಿಟ್ಟಳು. ಇವನು ಎಂದಿನಂತೆ ನಮ್ಮೊಡನೆ ಉಂಡ, ಮಲಗಿದ. ನಮ್ಮನ್ನು ಯಾರೂ ಒಂದು ಮಾತು ಕೇಳಲಿಲ್ಲ. ಆದರೆ ಗಾಡಿಯ ಹೊತ್ತು ಹೇಳಿದವರು ನಾವು. ಆ ಏಟಿನಲ್ಲಿ ನಮ್ಮ ಕೈಯೂ ಇತ್ತು.

ಇಂಥ ಹಿಂಸೆ ಒಮ್ಮೆಗೇ ಚೂರಿಯಿಂದ ಶುರುವಾಗುವುದಿಲ್ಲ. ಮೊದಲು ಫೋನು ಕೊಡು, ನೋಡುತ್ತೇನೆ ಎನ್ನುವುದು. ಆಮೇಲೆ ಆ ಗೆಳತಿಯ ಸಂಗ ಬೇಡ, ಆ ಬಟ್ಟೆ ಬೇಡ, ರಾತ್ರಿ ಪಾಳಿ ಬೇಡ ಎನ್ನುವುದು. ಪಗಾರ ಕೈಗೆ ತೆಗೆದುಕೊಳ್ಳುವುದು. ಹೊಡೆದು ಆಮೇಲೆ ಕಾಲು ಹಿಡಿದು ಅಳುವುದು. ಬಿಟ್ಟು ಹೋದರೆ ಪ್ರಾಣ ಬಿಡುತ್ತೇನೆ ಎನ್ನುವುದು. ಕೊನೆಗೆ, ನಿನ್ನ ಫೋಟೋ ಎಲ್ಲರಿಗೂ ಕಳಿಸುತ್ತೇನೆ ಎನ್ನುವುದು. ಇದನ್ನು ನಾವು "ಅವನಿಗೆ ಅವಳ ಮೇಲೆ ಬಹಳ ಜೀವ" ಎಂದು ಹೊಗಳುತ್ತೇವೆ. ಜೀವವಿದ್ದವನು ಉಸಿರು ಕಟ್ಟಿಸುತ್ತಾನೆಯೇ?

ನಮ್ಮ ಪಕ್ಕದ ವಸಯಿಯ ಸಂಗತಿ ತಮಗೆಲ್ಲ ಗೊತ್ತು. ದುಡಿಯುವ ಹುಡುಗಿ, ಮೆಚ್ಚಿದವನೊಡನೆ ಮನೆ ಮಾಡಿದ್ದಳು. 2020ರ ನವೆಂಬರಿನಲ್ಲಿ ನಾಲಾಸೋಪಾರದ ತುಳಿಂಜ್ ಪೊಲೀಸ್ ಠಾಣೆಗೆ, ಅವನು ಹೊಡೆಯುತ್ತಾನೆ, ಕೊಲ್ಲುವೆನೆಂದು ಬೆದರಿಸುತ್ತಾನೆ ಎಂದು ಅರ್ಜಿ ಬರೆದು ಕೊಟ್ಟಳು. ಆಮೇಲೆ ರಾಜಿಯಾಯಿತು, ದೂರು ಹಿಂದಕ್ಕೆ ಹೋಯಿತು. 2022ರ ಮೇ ತಿಂಗಳಲ್ಲಿ ದಿಲ್ಲಿಯಲ್ಲಿ ಅವಳ ಕೊಲೆಯಾಯಿತು. ಜೊತೆಗಿದ್ದವನ ಮೇಲೆಯೇ ಆರೋಪ ಬಂತು. ಅದು ಹೊರಬಿದ್ದದ್ದು ನವೆಂಬರಿನಲ್ಲಿ, ಅದೂ ಒಬ್ಬ ಗೆಳೆಯ "ಇಷ್ಟು ದಿನದಿಂದ ಅವಳ ಫೋನಿಲ್ಲವಲ್ಲ" ಎಂದು ಮನೆಯವರಿಗೆ ತಿಳಿಸಿದ್ದರಿಂದ. ತವರಿನವರು ಮುನಿದು ದೂರವಾದ ಹುಡುಗಿಗೆ ಗೆಳೆಯರೇ ತವರು, ಜೊತೆಗೆ ದುಡಿಯುವವರೇ ಬಳಗ. ಇದು ಸಂಘದ ಕೆಲಸವೇ ಎಂದು ಕೇಳಿದ ಹಿರಿಯರು ಇದನ್ನು ಗಮನಿಸಬೇಕು.

ಇನ್ನು ನಮ್ಮ ನಾಡಿನ ಕಡೆ ನೋಡೋಣ. 2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಕಾಲೇಜಿನ ಅಂಗಳದಲ್ಲೇ ಒಬ್ಬ ವಿದ್ಯಾರ್ಥಿನಿಯನ್ನು ಇರಿದು ಕೊಂದರು. ತಿಂಗಳು ತುಂಬುವ ಮೊದಲೇ, ಮೇ 15ರಂದು, ಅದೇ ಊರಿನಲ್ಲಿ ಇಪ್ಪತ್ತು ವರ್ಷದ ಇನ್ನೊಬ್ಬಳನ್ನು ಮನೆಗೆ ನುಗ್ಗಿ ಕೊಂದರು. ಬೆದರಿಕೆಯ ವಿಷಯ ಮೊದಲೇ ಪೊಲೀಸರಿಗೆ ಹೇಳಿದ್ದೆವು, ಅವರು ಕಿವಿಗೊಡಲಿಲ್ಲ ಎಂದು ಮನೆಯವರು ಅತ್ತರು. ಠಾಣೆಯ ಇನ್ಸ್‌ಪೆಕ್ಟರರನ್ನು ಅಮಾನತು ಮಾಡಲಾಯಿತು. ಮೊದಲ ಪ್ರಕರಣದ ಆರೋಪಿ ಒಂದು ಧರ್ಮದವನು, ಎರಡನೆಯವನು ಇನ್ನೊಂದು ಧರ್ಮದವನು. ಇದನ್ನು ಮುಂಬ್ರಾದಲ್ಲಿ ನಿಂತು ಹೇಳಲೇಬೇಕು. ಏಕೆಂದರೆ ಇಂಥ ಸಾವಾದೊಡನೆ ನಾವು ಆರೋಪಿಯ ಹೆಸರು ನೋಡಿ ಬೀದಿಗಿಳಿಯುತ್ತೇವೆ ಇಲ್ಲವೇ ಬಾಯಿ ಮುಚ್ಚುತ್ತೇವೆ. ಹುಡುಗಿ "ಬೇಡ" ಎಂದಳು, ಅವನಿಗೆ ಅದು ಸಹಿಸಲಿಲ್ಲ: ಎರಡೂ ಕಡೆ ತನಿಖೆ ಮುಂದಿಟ್ಟ ಕಾರಣ ಇದೇ. ಬೇಡವೆನ್ನುವ ಹೊತ್ತೇ ಅಪಾಯದ ಹೊತ್ತು. ಆದ್ದರಿಂದ ತಂಗಿಯರೇ, ಅಂಥವನನ್ನು ಬಿಡುವಾಗ "ಕೊನೆಯ ಸಲ ಒಂಟಿಯಾಗಿ ಬಾ, ಮಾತಾಡೋಣ" ಎಂದರೆ ಹೋಗಬೇಡಿ. ನಂಬಿಕೆಯವರಿಗೆ ಮೊದಲೇ ತಿಳಿಸಿ.

ಒಪ್ಪಿಗೆ ಎಂದರೇನು? ನಮ್ಮ ಖೋಲಿಗಳಲ್ಲಿ ಆಡುವ ಮಾತು: "ಜೊತೆಗೆ ಸಿನೆಮಾಕ್ಕೆ ಬಂದಳಲ್ಲ, ಇನ್ನೇನು?" ಈ ತರ್ಕ ಹಿಂದೆ ನ್ಯಾಯಾಲಯವನ್ನೂ ಮುಟ್ಟಿತ್ತು. 1972ರಲ್ಲಿ ಇದೇ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯೊಳಗೆ ಒಬ್ಬ ಆದಿವಾಸಿ ಕೂಲಿ ಹುಡುಗಿಯ ಮೇಲೆ ಪೊಲೀಸರೇ ಅತ್ಯಾಚಾರ ಮಾಡಿದರೆಂಬ ದೂರು. ಅವಳಿಗೊಬ್ಬ ಪ್ರಿಯಕರನಿದ್ದ, ಮೈಮೇಲೆ ಗಾಯಗಳಿರಲಿಲ್ಲ. ಕೂಗಾಡಿದ ಗುರುತಿಲ್ಲ, ಆದ್ದರಿಂದ ಒಪ್ಪಿಗೆಯಿತ್ತು ಎಂದು 1978ರಲ್ಲಿ ಸುಪ್ರೀಂ ಕೋರ್ಟು ಆರೋಪಿಗಳನ್ನು ಬಿಟ್ಟಿತು. ಮಥುರಾ ಪ್ರಕರಣವೆಂದು ಹೆಸರಾದದ್ದು ಇದೇ. ನಾಲ್ವರು ಕಾನೂನು ಅಧ್ಯಾಪಕರು 1979ರಲ್ಲಿ ಮುಖ್ಯ ನ್ಯಾಯಾಧೀಶರಿಗೆ ಬಹಿರಂಗ ಪತ್ರ ಬರೆದರು; ಮುಂಬಯಿಯ ಹೆಂಗಸರು ಬೀದಿಗಿಳಿದರು; 1983ರಲ್ಲಿ ಕಾನೂನು ತಿದ್ದಿತು. ದಿಲ್ಲಿಯ ಘಟನೆಯ ಬಳಿಕ 2013ರಲ್ಲಿ ಇನ್ನಷ್ಟು ತಿದ್ದಿ, ಎದುರು ಹೋರಾಡಲಿಲ್ಲವೆಂದ ಮಾತ್ರಕ್ಕೆ ಒಪ್ಪಿಗೆಯಲ್ಲ ಎಂದು ಸ್ಪಷ್ಟವಾಗಿ ಬರೆದರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮಿನಲ್ಲೂ ಅದೇ ಮಾತಿದೆ. ಹೆದರಿ ಸುಮ್ಮನಿದ್ದರೆ ಒಪ್ಪಿಗೆಯಲ್ಲ. ಕುಡಿದು ಮೈಮೇಲೆ ಎಚ್ಚರವಿಲ್ಲದವಳದು ಒಪ್ಪಿಗೆಯಲ್ಲ. ನಿನ್ನೆ ಒಪ್ಪಿದ್ದು ಇಂದಿಗೆ ಸಲ್ಲುವುದಿಲ್ಲ. ಹದಿನೆಂಟು ತುಂಬದವರ ಒಪ್ಪಿಗೆಯನ್ನು ಕಾನೂನು ಒಪ್ಪುವುದೇ ಇಲ್ಲ. 2012ರ ಪೋಕ್ಸೋ ಕಾಯಿದೆ ಹೆಣ್ಣುಮಕ್ಕಳಂತೆ ಗಂಡುಮಕ್ಕಳಿಗೂ ಇದೆ.

ಬೇಡವೆಂದ ಮೇಲೂ ಬೆನ್ನುಹತ್ತಿದರೆ 78ನೇ ಕಲಮಿನಂತೆ ಮೂರು ವರ್ಷದ ತನಕ, ಮತ್ತೆ ಮಾಡಿದರೆ ಐದು ವರ್ಷದ ತನಕ ಸಜೆ. ಮದುವೆಯಾಗುವ ಮನಸ್ಸೇ ಇಲ್ಲದೆ ಮದುವೆಯ ಮಾತು ಕೊಟ್ಟು ದೇಹಸಂಬಂಧ ಮಾಡಿದರೆ 69ನೇ ಕಲಮಿನಂತೆ ಹತ್ತು ವರ್ಷದ ತನಕ. ನಂಬಿ ಕೊಟ್ಟ ಫೋಟೋ ಹರಡುವುದೂ ಅಪರಾಧ.

ಕೆಟ್ಟದ್ದು ನಡೆದೇಹೋದರೆ ಏನು ಮಾಡಬೇಕು? ಮೊದಲು ಆಸ್ಪತ್ರೆ. ಸರಕಾರಿಯಾಗಲಿ ಖಾಸಗಿಯಾಗಲಿ, ಪುಕ್ಕಟೆ ಚಿಕಿತ್ಸೆ ಕೊಡಲೇಬೇಕು. ಮುಂಬ್ರಾದವರಿಗೆ ಕಳವಾದ ಮಹಾನಗರಪಾಲಿಕೆ ಆಸ್ಪತ್ರೆ ಹತ್ತಿರ. ಗರ್ಭ ನಿಲ್ಲದಂತೆ, ಎಚ್‌ಐವಿ ತಗುಲದಂತೆ ಕೊಡುವ ಔಷಧಿ 72 ತಾಸಿನೊಳಗೆ ಶುರುವಾಗಬೇಕು. ಬೇಗ ಹೋದಷ್ಟೂ ಒಳ್ಳೆಯದು. ಉಟ್ಟ ಬಟ್ಟೆ ಒಗೆಯದೆ ಇಡಬೇಕು, ಬಂದ ಸಂದೇಶ ಅಳಿಸಬಾರದು. ದೂರನ್ನು ಯಾವ ಠಾಣೆಯಲ್ಲೂ ಕೊಡಬಹುದು. "ನಮ್ಮ ಹದ್ದಿಗೆ ಬರುವುದಿಲ್ಲ" ಎಂದು ತಿರುಗಿ ಕಳಿಸುವಂತಿಲ್ಲ. ಕೂಡಲೇ ನೆರವಿಗೆ 112, ಮಹಿಳೆಯರ ಸಹಾಯಕ್ಕೆ 181, ಮಕ್ಕಳಿಗೆ 1098. ಮುಂಬಯಿ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ 2000ದಲ್ಲಿ 'ದಿಲಾಸಾ' ಎಂಬ ಕೇಂದ್ರ ತೆರೆದರು. ಪೆಟ್ಟು ತಿಂದು ಬಂದ ಹೆಂಗಸಿಗೆ ಔಷಧದ ಜೊತೆಗೆ ಧೈರ್ಯ ಹೇಳಿ ದಾರಿ ತೋರುವ ಕೇಂದ್ರ ಅದು.

ಆದರೆ ಸೋದರರೇ, ಆಸ್ಪತ್ರೆ, ಪೊಲೀಸು, ಕೋರ್ಟು ಎಲ್ಲ ಬರುವುದು ಆಮೇಲೆ. ಮೊದಲು ಅಲ್ಲಿರುವವರು ನಾವು. ಹೊಡೆಯುವವನು ನಮ್ಮ ಪಂಕ್ತಿಯಲ್ಲೇ ಉಣ್ಣುತ್ತಾನೆ, ನಮ್ಮ ಖೋಲಿಯಲ್ಲೇ ಮಲಗುತ್ತಾನೆ. ಅವನ ಮಾತಿಗೆ ನಾವು ನಕ್ಕರೆ ಅವನಿಗದು ಅಪ್ಪಣೆ. ನಾವು "ಇದು ಸರಿಯಲ್ಲ ಕಣೋ" ಎಂದರೆ ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ.

ಅದಕ್ಕೇ ಇಂದು ನಾಲ್ಕು ಮಾತಿಗೆ ತಾವೆಲ್ಲ ಒಪ್ಪಬೇಕೆಂದು ಬೇಡುತ್ತೇವೆ. ಯಾವ ಹುಡುಗಿಯ ಗಾಡಿಯ ಹೊತ್ತು, ಮನೆ, ಫೋನ್ ನಂಬರನ್ನು ಅವಳನ್ನು ಕೇಳದೆ ಯಾರಿಗೂ ಹೇಳುವುದಿಲ್ಲ. ಹುಡುಗಿಯ ಫೋಟೋ ಬಂದರೆ ನೋಡಿ ಮುಂದೆ ಕಳಿಸುವುದಿಲ್ಲ; ಕಳಿಸಿದವನನ್ನು ಕೇಳದೆ ಬಿಡುವುದಿಲ್ಲ. ಕಣ್ಣೆದುರು ಕೈ ಎತ್ತಿದರೆ ನಡುವೆ ಹೋಗುತ್ತೇವೆ. ನೊಂದವಳು ಠಾಣೆಗೆ ಹೋಗುವೆನೆಂದರೆ ಒಂದು ದಿನದ ಪಗಾರ ಹೋದರೂ ಸರಿ, ಸಂಘದ ಇಬ್ಬರು, ಅದರಲ್ಲಿ ಒಬ್ಬಳು ಹೆಂಗಸು, ಜೊತೆಗೆ ಹೋಗುತ್ತಾರೆ. ರಾಜಿ ಮಾಡಿಸಲು ಮಾತ್ರ ಯಾರೂ ಹೋಗುವುದಿಲ್ಲ.

ಅಂದು ಆ ಹುಡುಗಿಯ ಕ್ಷಮೆ ಕೇಳಲು ನಮಗೆ ಧೈರ್ಯವಿರಲಿಲ್ಲ. ಈಗ ಅವಳೆಲ್ಲಿದ್ದಾಳೋ ತಿಳಿಯದು. ಅವಳ ಊರಿನಲ್ಲಿ ನಿಂತು ಇಷ್ಟು ಹೇಳಿದ್ದೇವೆ.