ಒಂದು ದಿನ ವಾಕಿಂಗ್ ತಪ್ಪಿತಾ? ವಾರದ ಲೆಕ್ಕ ನೋಡಿ

ಇವತ್ತಿನ ಮಾತು ವ್ಯಾಯಾಮದ ಬಗ್ಗೆ. ಹೇಗೆ ಶುರು ಮಾಡೋದು ಅಂತ ನಾನು ಹೇಳಲ್ಲ, ಅದು ನಮಗೆಲ್ಲ ಚೆನ್ನಾಗಿ ಗೊತ್ತು. ಜನವರಿ 1ಕ್ಕೆ ಒಂದು ಸಲ, ಯುಗಾದಿಗೆ ಒಂದು ಸಲ, ಹುಟ್ಟುಹಬ್ಬಕ್ಕೆ ಇನ್ನೊಂದು ಸಲ ಶುರು ಮಾಡ್ತೀವಿ. ಆದ್ರೆ ಯಾಕೆ ನಿಲ್ಲಿಸ್ತೀವಿ?

ನಾನು ನೋಡಿರೋ ಹಾಗೆ ತುಂಬಾ ಜನ ಸೋಮಾರಿತನದಿಂದ ನಿಲ್ಲಿಸೋದಿಲ್ಲ. ಹದಿನೈದು ದಿನ ಬಿಡದೆ ನಡೆದಿರ್ತಾರೆ. ಹದಿನಾರನೇ ದಿನ ಜ್ವರ ಬರುತ್ತೆ, ಇಲ್ಲಾ ಮನೆಗೆ ನೆಂಟರು ಬರ್ತಾರೆ, ಇಲ್ಲಾ ನೈಟ್ ಶಿಫ್ಟ್ ಬೀಳುತ್ತೆ. ಫೋನಲ್ಲಿ ಸ್ಟ್ರೀಕ್ ಸೊನ್ನೆಗೆ ಇಳಿಯುತ್ತೆ. 'ಹೋಯ್ತು ಬಿಡು, ಮುಂದಿನ ತಿಂಗಳು ನೋಡೋಣ' ಅಂತಾರೆ. ತಪ್ಪಿದ್ದು ಒಂದು ದಿನ, ಕಳ್ಕೊಂಡಿದ್ದು ಒಂದು ತಿಂಗಳು.

ನಮ್ಮನ್ನ ಹೀಗೆ ಹೆದರಿಸೋ ಸಂಖ್ಯೆಗಳು ಎಲ್ಲಿಂದ ಬಂದ್ವು ಅಂತ ನೋಡೋಣ. ದಿನಕ್ಕೆ 10,000 ಹೆಜ್ಜೆ ಅಂತೀವಲ್ಲ, ಅದು ಜಪಾನಿನಿಂದ ಬಂದಿದ್ದು. ಟೋಕಿಯೋ ಒಲಿಂಪಿಕ್ಸ್ ನಡೆದಿದ್ದು 1964ರಲ್ಲಿ. ಮರುವರ್ಷ ಅಲ್ಲಿನ ಒಂದು ಕಂಪನಿ ಹೆಜ್ಜೆ ಎಣಿಸೋ ಪುಟ್ಟ ಯಂತ್ರವನ್ನ ಮಾರುಕಟ್ಟೆಗೆ ಬಿಡ್ತು. ಅದರ ಹೆಸರು 'ಮನ್ಪೋ ಕೇ', ಅಂದ್ರೆ 'ಹತ್ತು ಸಾವಿರ ಹೆಜ್ಜೆಯ ಮೀಟರ್'. ಆ ಹೆಸರೇ ನಮ್ಮ ಫೋನಿನ ಗುರಿಯಾಗಿ ಕೂತಿದೆ. 2019ರಲ್ಲಿ ಅಮೆರಿಕದ ಸುಮಾರು 17,000 ಹಿರಿಯ ಮಹಿಳೆಯರ ಮೇಲಿನ ಅಧ್ಯಯನ ಪ್ರಕಟವಾಯ್ತು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯೋರಿಗಿಂತ 4,400 ನಡೆಯೋರಲ್ಲೇ ಸಾವಿನ ಪ್ರಮಾಣ ಕಡಿಮೆ ಇತ್ತು. ಸುಮಾರು 7,500 ದಾಟಿದ ಮೇಲೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಅವರ ಸರಾಸರಿ ವಯಸ್ಸು 72. ಹಾಗಾಗಿ ಇದೇ ಲೆಕ್ಕ 22 ವರ್ಷದವರಿಗೂ ಸರಿ ಅಂತ ಹೇಳೋಕಾಗಲ್ಲ. ಆದ್ರೆ 10,000 ಮುಟ್ಟಲಿಲ್ಲ ಅಂದ್ರೆ ನಡೆದಿದ್ದೆಲ್ಲ ದಂಡ ಅನ್ನೋದಂತೂ ಸುಳ್ಳು.

ಇನ್ನೊಂದು, '21 ದಿನ ಮಾಡಿದ್ರೆ ಅಭ್ಯಾಸ ಆಗುತ್ತೆ' ಅನ್ನೋ ಮಾತು. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅನ್ನೋ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರ ತಮ್ಮ ಪುಸ್ತಕದಲ್ಲಿ, ಆಪರೇಷನ್ ಆದವರು ಹೊಸ ಮುಖಕ್ಕೆ ಹೊಂದಿಕೊಳ್ಳೋಕೆ ಕನಿಷ್ಠ 21 ದಿನ ಬೇಕು ಅಂತ ಬರೆದಿದ್ರು. 'ಕನಿಷ್ಠ' ಅನ್ನೋ ಪದ ಬಾಯಿಂದ ಬಾಯಿಗೆ ಹೋಗ್ತಾ ಉದುರಿಹೋಯ್ತು. ಮುಂದೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನ 12 ವಾರ ಗಮನಿಸಿದ್ರು. ಹೊಸ ಅಭ್ಯಾಸ ಮೈಗೂಡೋಕೆ ಸರಾಸರಿ 66 ದಿನ ಬೇಕು ಅಂತ ಲೆಕ್ಕ ಸಿಕ್ತು. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನ ಬೇಕಾಗಬಹುದು. ನನಗೆ ಇಷ್ಟವಾಗಿದ್ದು ಇನ್ನೊಂದು ವಿಷಯ. ನಡುವೆ ಒಂದು ದಿನ ತಪ್ಪಿಸಿದ್ರೂ ಅಭ್ಯಾಸ ಬೆಳೆಯೋದಕ್ಕೆ ದೊಡ್ಡ ಪೆಟ್ಟು ಬೀಳಲಿಲ್ಲ.

ಹಾಗಾದ್ರೆ ಯಾವ ಲೆಕ್ಕ ಹಿಡಿಯೋದು? ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ವಾರದ ಲೆಕ್ಕ ಕೊಟ್ಟಿದೆ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಮಟ್ಟದ ಚಟುವಟಿಕೆ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಕೆಲಸ. ಸಾಧಾರಣ ಅಂದ್ರೆ, ನಡೀತಾ ಮಾತಾಡೋಕಾಗಬೇಕು, ಹಾಡೋಕೆ ಉಸಿರು ಸಾಲಬಾರದು. ಮೊದಲು, ಒಂದೇ ಸಲಕ್ಕೆ 10 ನಿಮಿಷವಾದ್ರೂ ಮಾಡಿದ್ರೆ ಮಾತ್ರ ಲೆಕ್ಕ ಅಂತಿತ್ತು. ಆ ಷರತ್ತನ್ನೂ ಈಗ ತೆಗೆದಿದ್ದಾರೆ. ಮೆಟ್ರೋ ಸ್ಟೇಷನ್ನಿನ ಮೆಟ್ಟಿಲು ಚುರುಕಾಗಿ ಹತ್ತಿದ ಮೂರು ನಿಮಿಷಾನೂ ಸೇರಿಸ್ಕೊಳ್ಳಿ.

ಇದರಿಂದ ನೈಟ್ ಶಿಫ್ಟ್‌ನವರಿಗೆ ದೊಡ್ಡ ಅನುಕೂಲ. ದಿನಾ ಆರು ಗಂಟೆಗೆ ಏಳಬೇಕಿಲ್ಲ. ರಜೆಯಿರೋ ಎರಡು ದಿನ 45 ನಿಮಿಷ, ನಡುವೆ ಮೂರು ದಿನ 20 ನಿಮಿಷ ನಡೆದ್ರೆ 150 ಆಯ್ತು. ಕತ್ತಲಾದ ಮೇಲೆ ರಸ್ತೆಗೆ ಇಳಿಯೋಕೆ ಭಯ ಅನ್ನೋ ಹೆಣ್ಣುಮಕ್ಕಳಿಗೆ ತಾರಸಿ ಸಾಕು. ಸ್ನಾಯುಗಳಿಗೆ ಜಿಮ್ಮೇ ಬೇಕು ಅಂತಿಲ್ಲ. ನಮ್ಮ ಗರಡಿ ಮನೆಗಳ ದಂಡ, ಬಸ್ಕಿ ಇವೆ. ಮಾಡೋಕೆ ಒಂದು ಚಾಪೆ ಹಾಸೋವಷ್ಟು ಜಾಗ ಸಾಕು.

ಹುಮ್ಮಸ್ಸು ಬರ್ಲಿ ಅಂತ ಕಾಯ್ಬೇಡಿ, ಅದು ಬರುತ್ತೆ, ಹೋಗುತ್ತೆ. ದಿನಾ ಹೇಗೂ ಮಾಡೋ ಒಂದು ಕೆಲಸಕ್ಕೆ ಇದನ್ನ ಗಂಟು ಹಾಕಿ. ನನ್ನದು ಸಂಜೆಯ ಕಾಫಿ. ಲೋಟ ತೊಳೆದಿಟ್ಟು ಚಪ್ಪಲಿ ಬಿಟ್ಟು ಶೂ ಹಾಕ್ಕೊಳ್ತೀನಿ, ಅಷ್ಟೇ. ಯೋಚನೆ ಮಾಡೋಕೆ ಕೂತ್ರೆ ಸೋಫಾ ಗೆಲ್ಲುತ್ತೆ.

ಒಂದು ಎಚ್ಚರಿಕೆ. ವಾರದ ಲೆಕ್ಕ ಅಂದೆ ಅಂತ ಐದು ದಿನ ಕೂತು, ಭಾನುವಾರ ಒಂದೇ ಏಟಿಗೆ ಮೂರು ಗಂಟೆ ಓಡೋಕೆ ಹೋಗ್ಬೇಡಿ. ರೂಢಿಯಿಲ್ಲದ ಮಂಡಿ, ಸೊಂಟ ಸೋಮವಾರ ಬುದ್ಧಿ ಹೇಳುತ್ತೆ. ಜ್ವರ ಇದ್ರೆ ಮಲ್ಕೊಳ್ಳಿ. ರಾತ್ರಿ ನಾಲ್ಕೇ ಗಂಟೆ ನಿದ್ದೆ ಆಗಿದ್ರೆ ಅವತ್ತು ವರ್ಕೌಟ್‌ಗಿಂತ ನಿದ್ದೆ ಮುಖ್ಯ, ವಯಸ್ಕರಿಗೆ ಕನಿಷ್ಠ ಏಳು ಗಂಟೆಯಾದ್ರೂ ಬೇಕು. ವ್ಯಾಯಾಮ ಮಾಡುವಾಗ ಎದೆನೋವು, ತಲೆಸುತ್ತು ಬಂದ್ರೆ 'ಇನ್ನೊಂದು ಸೆಟ್' ಅನ್ಬೇಡಿ. ನಿಲ್ಲಿಸಿ, ತಕ್ಷಣ ಡಾಕ್ಟರ್ ಹತ್ರ ಹೋಗಿ.

ನಮ್ಮ ಮನೆಗಳಲ್ಲಿ ಗೋಡೆ ಕ್ಯಾಲೆಂಡರಿನ ಮೇಲೆ ಹಾಲು ಬರದ ದಿನಕ್ಕೆ ಅಮ್ಮ ಒಂದು ಗುರುತು ಹಾಕ್ತಾರಲ್ಲ? ಒಂದು ದಿನ ಬರಲಿಲ್ಲ ಅಂತ ಹಾಲಿನವರನ್ನೇ ಬಿಡಿಸಲ್ಲ. ಗುರುತು ಹಾಕಿ, ಮಾರನೇ ದಿನ ಪಾತ್ರೆ ಇಡ್ತಾರೆ. ನಿಮ್ಮ ವಾಕಿಂಗಿಗೂ ಹಾಗೇ ಮಾಡಿ. ನಿನ್ನೆ ತಪ್ಪಿದ್ರೆ ಒಂದು ಗುರುತು ಹಾಕಿ, ಇವತ್ತು ಹತ್ತು ನಿಮಿಷ ಹೋಗಿಬನ್ನಿ. ಭಾನುವಾರ ಕೂತು ವಾರದ ನಿಮಿಷ ಕೂಡಿಸಿ ನೋಡಿ. 150 ಆಗದೆ 90 ಆಗಿದ್ರೂ ಅದು ಸೊನ್ನೆ ಅಲ್ಲ.

ಈ ಸಂಚಿಕೆಯನ್ನ ನಡೀತಾನೇ ಕೇಳಿದ್ರೆ, ಇಷ್ಟು ನಿಮಿಷ ನಿಮ್ಮ ಖಾತೆಗೆ ಬಂತು.