ಜೀವನಾಂಶ ಕೇಳುವ ಮುಂಚೆ ಲೆಕ್ಕ ಬರೆಯಿರಿ

(ನಾಯಂಡಹಳ್ಳಿಯ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



ಇಲ್ಲಿಗೆ ಬಂದು ಕೂತ ಕೂಡಲೇ ನಿಮ್ಮಲ್ಲೊಬ್ಬರು ಕೇಳಿದರು: “ಅಕ್ಕ, ಜೀವನಾಂಶ ಕೇಳಿದರೆ ಜಡ್ಜು ಬೈತಾರಂತಲ್ಲ, ನಾನು ಫೋನಿನಲ್ಲಿ ನೋಡಿದೀನಿ.” ಅವರು ಹೇಳಿದ್ದು 2024ರ ಆಗಸ್ಟ್‌ನಲ್ಲಿ ಎಲ್ಲರ ಫೋನಿಗೂ ಬಂದ ವಿಡಿಯೋ. ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ಒಬ್ಬ ಹೆಂಗಸಿನ ಪರವಾಗಿ ತಿಂಗಳಿಗೆ 6 ಲಕ್ಷ 16 ಸಾವಿರ ರೂಪಾಯಿ ಖರ್ಚಿದೆ ಎಂದು ಪಟ್ಟಿ ಕೊಟ್ಟಿದ್ದರು. ಅಷ್ಟು ಖರ್ಚು ಮಾಡಬೇಕೆಂದರೆ ಆಕೆಯೇ ದುಡಿಯಲಿ ಎಂದು ನ್ಯಾಯಮೂರ್ತಿಗಳು ಹೇಳಿದರು. ನ್ಯಾಯಮೂರ್ತಿಗಳೂ ಹೆಂಗಸೇ.

ಆ ವಿಡಿಯೋ ನೋಡಿ ನಕ್ಕ ಗಂಡಸರು ಎಷ್ಟೋ ಮಂದಿ. ಆದರೆ ಅದರಲ್ಲಿ ಇನ್ನೊಂದು ಮಾತೂ ಇತ್ತು, ಅದನ್ನು ಯಾರೂ ಕಳಿಸಲಿಲ್ಲ. ನಿಜವಾದ, ಸಮಂಜಸವಾದ ಲೆಕ್ಕ ಹಿಡಿದುಕೊಂಡು ಬನ್ನಿ ಎಂದು ಕೋರ್ಟು ವಕೀಲರಿಗೆ ಹೇಳಿತು. ಕೋರ್ಟು ಆಡಿದ್ದು ಪಟ್ಟಿಯ ಮೇಲೆ. ಜೀವನಾಂಶದ ಹಕ್ಕು ಇದ್ದಲ್ಲೇ ಇದೆ. ಗಾರ್ಮೆಂಟ್ಸ್‌ಗೆ ಹೋಗಿ ಬಂದು, ಮಗುವಿನ ಶಾಲೆ ಫೀಜಿಗೆ ಸಂಘದಲ್ಲಿ ಸಾಲ ಎತ್ತುವ ನಿಮಗೂ ಆ ಆರು ಲಕ್ಷಕ್ಕೂ ಏನು ಸಂಬಂಧ ಹೇಳಿ?

ಇವತ್ತು ನಾನು ಹೇಳಬೇಕಾದ್ದು ಈ ಲೆಕ್ಕದ ವಿಷಯವೇ. ಪ್ರತಿ ವಾರ ಉಳಿತಾಯದ ಪುಸ್ತಕ ಬರೆಯುವ ನಿಮಗೆ ಅದು ಹೊಸದಲ್ಲ.

ಮೊದಲು ಕಾನೂನು, ಚುಟುಕಾಗಿ. ತನ್ನನ್ನು ಸಾಕಿಕೊಳ್ಳಲಾಗದ ಹೆಂಡತಿಯನ್ನು, ಮಕ್ಕಳನ್ನು ಕೈಬಿಟ್ಟ ಗಂಡ ತಿಂಗಳು ತಿಂಗಳು ಹಣ ಕೊಡಬೇಕು. ಬಹುಕಾಲ ಇದನ್ನು ‘ನೂರಿಪ್ಪತ್ತೈದು’ ಎಂದೇ ಕರೆಯುತ್ತಿದ್ದೆವು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ. ನಂಬರು ಬದಲಾಗಿದೆ, ಹಕ್ಕು ಹಾಗೇ ಇದೆ. ಯಾವ ಧರ್ಮದವರಾದರೂ ಕೇಳಬಹುದು. 1985ರಲ್ಲಿ ಶಾ ಬಾನು ಎಂಬ ಮುದುಕಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದದ್ದು ತಿಂಗಳಿಗೆ 179 ರೂಪಾಯಿ 20 ಪೈಸೆಗಾಗಿ. ಮುಸ್ಲಿಂ ಅಕ್ಕತಂಗಿಯರೂ ಈ ಕಲಂನ ಕೆಳಗೆ ಕೇಳಬಹುದೆಂದು 2024ರ ಜುಲೈ 10ರಂದು ಅದೇ ಕೋರ್ಟು ಮತ್ತೊಮ್ಮೆ ಹೇಳಿದೆ. ಆಗ 500 ರೂಪಾಯಿಗಿಂತ ಹೆಚ್ಚು ಕೊಡಿಸುವಂತಿರಲಿಲ್ಲ. ಆ ಮಿತಿ 2001ರಲ್ಲಿ ಹೋಯಿತು.

ವಿಚ್ಛೇದನ ಆದ ಮೇಲೂ, ಮರುಮದುವೆ ಆಗುವ ತನಕ, ಕೇಳಬಹುದು. ಹಿಂದೂ ವಿವಾಹ ಕಾಯಿದೆಯಲ್ಲಿ ಕೇಸು ನಡೆಯುವಾಗಿನ ಖರ್ಚಿಗೆ 24ನೇ ಕಲಂ, ಶಾಶ್ವತ ಜೀವನಾಂಶಕ್ಕೆ 25ನೇ ಕಲಂ. ಹೊಡೆತ ಬಡಿತ ಇದ್ದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಲ್ಲೂ ಹಣ ಕೊಡಿಸುತ್ತಾರೆ. ಎರಡು ಕಡೆ ಕೇಳಿದರೆ ಒಂದು ಕಡೆ ಸಿಕ್ಕಿದ್ದನ್ನು ಇನ್ನೊಂದು ಕಡೆ ಹೇಳಲೇಬೇಕು.

“ನೀನು ದುಡಿಯುತ್ತೀಯಲ್ಲ, ನಿನಗ್ಯಾಕೆ?” ಅನ್ನುತ್ತಾರೆ. ಕೈಯಲ್ಲಿ ನಾಲ್ಕು ಕಾಸು ದುಡಿಮೆ ಇದ್ದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ದುಡಿಯುವ ಶಕ್ತಿ ಇರುವುದು ಬೇರೆ, ನಿಜವಾಗಿ ದುಡಿಯುತ್ತಿರುವುದು ಬೇರೆ ಎಂದು ಸುಪ್ರೀಂ ಕೋರ್ಟು 2017ರಲ್ಲಿ ಕರ್ನಾಟಕದಿಂದಲೇ ಹೋದ ಒಂದು ಕೇಸಿನಲ್ಲಿ ಹೇಳಿದೆ. ಹಾಗಂತ ನಿಮ್ಮ ಸಂಬಳ ಮುಚ್ಚಿಡಬೇಡಿ. ಒಂದು ಸುಳ್ಳು ಸಿಕ್ಕಿಬಿದ್ದರೆ ನಿಮ್ಮ ಹತ್ತು ನಿಜವನ್ನೂ ನಂಬುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. 2020ರ ನವೆಂಬರ್ 4ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಒಂದು ನಿಯಮ ಮಾಡಿತು. ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚು ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆದು ಕೊಡಬೇಕು. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕು ಎಂದೂ ಹೇಳಿತು. ಅಂದರೆ ಅರ್ಜಿ ಹಾಕಲು ಒಂದು ವರ್ಷ ತಡ ಮಾಡಿದರೆ ಒಂದು ವರ್ಷದ ಹಣ ಹೋಯಿತು.

ಗಂಡನಿಗೆ ಸಂಬಳದ ಚೀಟಿ ಇದ್ದರೆ ಸುಲಭ. ನಮ್ಮ ಕಡೆ ಹಾಗಿರುವುದಿಲ್ಲ. ಗುಜರಿ ಗೋಡೌನ್ ಇರುತ್ತದೆ, ಆಟೋ ಇರುತ್ತದೆ, ಬಡ್ಡಿ ವ್ಯವಹಾರ ಇರುತ್ತದೆ. ಕೋರ್ಟಿನಲ್ಲಿ ಮಾತ್ರ “ಕೂಲಿ ಸ್ವಾಮಿ, ಸಿಕ್ಕಿದರೆ ಉಂಟು” ಅನ್ನುತ್ತಾನೆ. ಆಗ ಅವನು ಬದುಕುವ ರೀತಿಯೇ ಸಾಕ್ಷಿ. ಗಾಡಿ ನಂಬರು, ಗೋಡೌನಿನ ಬೋರ್ಡಿನ ಫೋಟೋ, ಮನೆ ಬಾಡಿಗೆ ಕರಾರು, ಅವನು ನಿಮಗೆ ಫೋನಿನಲ್ಲಿ ಹಣ ಕಳಿಸಿದ ದಾಖಲೆ, ಯಾವ ಬ್ಯಾಂಕಿನಲ್ಲಿ ಖಾತೆ ಇದೆ ಅನ್ನುವುದು, ಎಲ್ಲ ಬರೆದಿಡಿ. ನಿಮ್ಮ ಕಡೆಯ ಖರ್ಚೂ ಹಾಗೆಯೇ: ಬಾಡಿಗೆ, ರೇಷನ್, ಗ್ಯಾಸು, ಶಾಲೆ, ಔಷಧಿ, ಸಂಘದ ಕಂತು. ರಸೀದಿ ಇದ್ದಷ್ಟು ಇಡಿ. ಕೋರ್ಟಿನ ಪಡಸಾಲೆಯಲ್ಲಿ ನಾನು ಎಷ್ಟೋ ಹೆಂಗಸರನ್ನು ನೋಡಿದ್ದೇನೆ, ಗಂಡ ಏನೇನು ಬೈದ ಅನ್ನುವುದು ದಿನಾಂಕದ ಸಮೇತ ನೆನಪಿರುತ್ತದೆ. ಅವನು ಎಷ್ಟು ದುಡಿಯುತ್ತಾನೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಅದು ಅವರ ತಪ್ಪಲ್ಲ. ಅವರಿಗೆ ಯಾರೂ ಹೇಳಿರುವುದೇ ಇಲ್ಲ.

ಇನ್ನು ಛಾಪಾ ಕಾಗದ. ಇದರ ಬಗ್ಗೆ ನನಗೆ ಸಿಟ್ಟಿದೆ. ಹಿರಿಯರು ಪಂಚಾಯ್ತಿ ಕೂರಿಸಿ, ಕೈಗೆ ಒಂದಷ್ಟು ದುಡ್ಡು ಇಟ್ಟು, “ಇನ್ನು ಮುಂದೆ ಜೀವನಾಂಶ ಕೇಳುವುದಿಲ್ಲ” ಅಂತ ಬರೆಸಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಅದು ಕೋರ್ಟಿನ ವಿಚ್ಛೇದನಕ್ಕೆ ಸಮ ಅಲ್ಲ. ಆದರೆ ಒಪ್ಪಿಕೊಂಡು ಬೇರೆ ಇರುವ ಹೆಂಡತಿಗೆ 144ರಲ್ಲಿ ಜೀವನಾಂಶ ಇಲ್ಲ ಎಂಬ ಸಾಲು ಕಾನೂನಿನಲ್ಲೇ ಇದೆ. ಎದುರು ವಕೀಲರು ಆ ಕಾಗದವನ್ನೇ ಎತ್ತಿ ಹಿಡಿಯುತ್ತಾರೆ. ಅಪ್ಪ, ಅಣ್ಣ ಯಾರೇ ಹೇಳಲಿ, ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ. ಮತ್ತೆ, ನಿಮ್ಮ ತವರಿನಿಂದ ತಂದ ಒಡವೆ, ಪಾತ್ರೆ ಹಿಂದಕ್ಕೆ ಕೊಟ್ಟು ಅದನ್ನೇ ಜೀವನಾಂಶ ಅನ್ನುವ ಚಾಲಾಕಿತನವೂ ಉಂಟು. ಒಡವೆ ನಿಮ್ಮದೇ. ನಿಮ್ಮದನ್ನೇ ನಿಮಗೆ ಕೊಟ್ಟು ಋಣ ತೀರಿತು ಅಂದರೆ ಹೇಗೆ?

ಇಬ್ಬರೂ ಒಪ್ಪಿ ಕೋರ್ಟಿನಲ್ಲೇ ವಿಚ್ಛೇದನ ಪಡೆಯುವುದಾದರೆ ಮೊತ್ತ, ಕೊಡುವ ದಿನ, ಮಕ್ಕಳ ಖರ್ಚು ಎಲ್ಲ ಅರ್ಜಿಯಲ್ಲೇ ಬರೆಸಿ. ಎರಡನೇ ಸಲ ಕೋರ್ಟಿನ ಮುಂದೆ ಒಪ್ಪಿಗೆ ಹೇಳುವ ಮುಂಚೆ ಹಣ ನಿಮ್ಮ ಖಾತೆಗೆ ಬಂದಿರಲಿ, ಇಲ್ಲವೇ ಡಿಡಿ ಕೋರ್ಟಿನಲ್ಲೇ ಕೈಗೆ ಸಿಗಲಿ.

ಆದೇಶ ಆದ ಮೇಲೂ ಕೊಡದವರಿದ್ದಾರೆ. ಬಾಕಿ ವಸೂಲಿಗೆ ವಾರಂಟು ಕೇಳಬಹುದು, ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು ಆಗಬಹುದು. ಜೈಲಿಗೆ ಹೋಗಿ ಬಂದರೂ ಬಾಕಿ ತೀರುವುದಿಲ್ಲ, ಸುಪ್ರೀಂ ಕೋರ್ಟೇ ಇದನ್ನು ಹೇಳಿದೆ. ಆದರೆ ಹಣ ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. “ಇವತ್ತು ಕೊಡ್ತಾನೆ, ನಾಳೆ ಕೊಡ್ತಾನೆ” ಅಂತ ಕಾದು ಎಷ್ಟೋ ಮಂದಿ ಈ ಗಡುವು ಕಳೆದುಕೊಂಡಿದ್ದಾರೆ. ಪಾಸ್‌ಬುಕ್ಕಿನಲ್ಲಿ ಬಂದ ತಿಂಗಳು, ಬಾರದ ತಿಂಗಳು ಗುರುತು ಹಾಕಿ.

ಗಂಡ ಮಂಡ್ಯದಲ್ಲಿರಲಿ, ರಾಯಚೂರಿನಲ್ಲಿರಲಿ, ನೀವು ತವರಿಗೆ ಬಂದು ಇಲ್ಲಿ ವಾಸವಾಗಿದ್ದರೆ ಬೆಂಗಳೂರಿನಲ್ಲೇ ಅರ್ಜಿ ಹಾಕಬಹುದು. ಕೌಟುಂಬಿಕ ನ್ಯಾಯಾಲಯ ಎಚ್. ಸಿದ್ಧಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ವಕೀಲರ ಫೀಜಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಕಾಯಿದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. 15100ಕ್ಕೆ ಫೋನ್ ಮಾಡಿ ಕೇಳಿ. ಮಧ್ಯಂತರ ಜೀವನಾಂಶದ ಅರ್ಜಿಯನ್ನೂ ಜೊತೆಗೇ ಹಾಕಿಸಿ. ಆದಷ್ಟೂ 60 ದಿನದಲ್ಲಿ ಅದನ್ನು ತೀರ್ಮಾನಿಸಬೇಕು ಎಂದು ಕಾನೂನು ಹೇಳುತ್ತದೆ. ನಿಜದಲ್ಲಿ ತಡವಾಗುತ್ತದೆ, ಅದಕ್ಕೆ ಹೋಗುವಾಗ ಸಂಘದವರು ಒಬ್ಬರನ್ನು ಜೊತೆಗೆ ಕಳಿಸಿ.

ಪ್ರಮಾಣಪತ್ರದ ನಮೂನೆ ತಂದಿದ್ದೇನೆ. ಚಹಾ ಕುಡಿದು ಬನ್ನಿ, ಒಂದೊಂದೇ ಕಾಲಂ ಓದಿ ತುಂಬೋಣ.